ಹತ್ತೂ ತನಕ

ನನ್ನ ಮೇಡಂ ಅವರ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ವರ್ಷಗಟ್ಟಲೆ ಒದ್ದೆ ಪಾಲಿಶ್ ಕಾಗದದ ಮೇಲೆ ಗಾಜಿನ ಬಿಲ್ಲೆಗಳನ್ನು ಉಜ್ಜಿ ಉಜ್ಜಿ ಅವು ಸವೆದ ನಾಣ್ಯದಂತೆ ನುಣ್ಣಗಾಗಿದ್ದವು. ಪುಣೆಯ ನಮ್ಮ ಸಂಶೋಧನಾ ಸಂಸ್ಥೆಯ ಗೇಟಿನ ಹಾಜರಿ ಯಂತ್ರ ಅವರನ್ನು ಗುರುತಿಸುತ್ತಲೇ ಇರಲಿಲ್ಲ. ಬೆರಳು ಬದಲಿಸಿ, ಸೆರಗಿಗೆ ಒರೆಸಿ, ಮತ್ತೆ ಒತ್ತಿ, ಕೊನೆಗೆ ಕಾವಲುಗಾರನ ಕಡೆ ತಿರುಗಿ "ಹತ್ತೂದಿಲ್ಲಪಾ" ಎನ್ನುತ್ತಿದ್ದರು. ಅವನಿಗೆ ಕನ್ನಡ ಬಾರದು. ಆದರೂ ಬಾಗಿಲು ತೆರೆಯುತ್ತಿದ್ದ.

ಮುರಿದ ಮೂಳೆಯ ಸಂದಿಗೆ ಕೂರಿಸುವ ಗಾಜು ನಮ್ಮ ಕೆಲಸ. ಅದರ ಮೈ ತೀರಾ ನುಣುಪಾಗಿದ್ದರೆ ಮೂಳೆಗೆ ಹಿಡಿತ ಸಿಗದು. ಆಮ್ಲದಲ್ಲಿ ಅದ್ದಿ ಮೈಯನ್ನು ತುಸು ಒರಟು ಮಾಡಿ, ರಕ್ತದಲ್ಲಿರುವ ಲವಣಗಳನ್ನೇ ಬೆರೆಸಿದ ನೀರಿನಲ್ಲಿ ನೆನೆಯಿಟ್ಟರೆ, ನಿಧಾನವಾಗಿ ಬಿಳಿಯ ಪದರವೊಂದು ಕೂರುತ್ತದೆ. ಮೂಳೆ ಅದನ್ನು ತನ್ನದೇ ಎಂದು ನಂಬಿ ಅದರ ಮೇಲೆ ಬೆಳೆಯುತ್ತದೆ.

ನಾನು ಮೈಸೂರಿನವಳು, ಮೇಡಂ ವಿಜಯಪುರದವರು. ಪ್ರಯೋಗಾಲಯದಲ್ಲಿ ಕನ್ನಡ ಬರುವವರು ನಾವಿಬ್ಬರೇ, ಅದೂ ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧಂಬರ್ಧ. ಸೇರಿದ ಹೊಸತರಲ್ಲಿ, ಬಿಲ್ಲೆಗಳನ್ನು ಆ ನೀರಿನಲ್ಲಿ ಎಷ್ಟು ಹೊತ್ತು ಬಿಡಲಿ ಎಂದು ಕೇಳಿದೆ. "ಹತ್ತೂ ತನಕ ಇಡ್ರಿ" ಎಂದರು. ನನ್ನ ಕಿವಿಗೆ ಅದು ಹತ್ತು ಗಂಟೆಯ ತನಕ ಎಂದು ಕೇಳಿಸಿತು. ಮರುದಿನ ಹತ್ತು ಗಂಟೆಗೆ ಸರಿಯಾಗಿ ಎಲ್ಲವನ್ನೂ ತೆಗೆದು ಒಣಗಿಸಿಟ್ಟೆ. ಗಾಜು ಬೋಳುಬೋಳಾಗಿತ್ತು. ಪದರ ಅಂಟಿಕೊಳ್ಳುವುದಕ್ಕೆ ಅವರ ಕಡೆ 'ಹತ್ತುವುದು' ಎನ್ನುತ್ತಾರೆಂದು ನನಗೇನು ಗೊತ್ತು? ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನಾನು ತಡವಾಗಿ ಬಂದಾಗಲೆಲ್ಲ "ಹತ್ತಾತೇನ್ರಿ?" ಎಂದು ಛೇಡಿಸುತ್ತಿದ್ದರು.

ಆ ನಗುವಿನ ಬಲದಲ್ಲಿ ಒಂದು ಮಳೆಗಾಲ ಕಳೆಯಿತು. ಆದರೆ ಧನಕವಡಿ ಬಡಾವಣೆಯ ನನ್ನ ಬಾಡಿಗೆ ಕೋಣೆಯಲ್ಲಿ ಭಾನುವಾರಗಳು ಮುಗಿಯುತ್ತಲೇ ಇರಲಿಲ್ಲ. ಪಕ್ಕದ ಮನೆಯವರು ನಗುತ್ತಿದ್ದರು, ನಾನೂ ನಗುತ್ತಿದ್ದೆ, ಅಷ್ಟೇ ನನ್ನ ಮರಾಠಿ. ಎಲ್ಲ ಬಿಟ್ಟು ಊರಿಗೆ ಹೋಗುತ್ತೇನೆ ಎಂದು ಒಂದು ದಿನ ಮೇಡಂಗೆ ಹೇಳಿದೆ. ಅವರು ಬಿಲ್ಲೆ ಉಜ್ಜುತ್ತಲೇ ಇದ್ದರು. ಇಷ್ಟು ವರ್ಷ ಒಂಟಿಯಾಗಿ ಇದ್ದೀರಲ್ಲ, ನಿಮಗಾದರೂ ಪುಣೆ ಹತ್ತಿತೇ ಎಂದು ಅವರ ಮಾತಿನಲ್ಲೇ ಕೇಳಿಬಿಟ್ಟೆ.

ಕೈ ನಿಂತಿತು. "ಇಲ್ಲವ್ವಾ. ನೀ ಬಂದ ಮ್ಯಾಲೆ ಈಗೀಗ ಹತ್ತಲಿಕ್ಕೆ ಹತ್ತೇದ" ಎಂದರು. ಬಿಲ್ಲೆಯನ್ನು ಒರೆಸಿ ಪಕ್ಕಕ್ಕಿಟ್ಟು, "ಹತ್ತೂ ತನಕ ಇರು, ತಂಗಿ" ಎಂದರು. ಅವರು ನನಗೆ 'ರೀ' ಹಚ್ಚದೆ ಮಾತಾಡಿದ್ದು ಅದೇ ಮೊದಲು. ನಾನು ಉಳಿದೆ, ವರ್ಷಗಟ್ಟಲೆ.

ಹೋದ ಚಳಿಗಾಲದಲ್ಲಿ ಮೇಡಂ ತೀರಿಕೊಂಡರು. ಹೃದಯದ ತೊಂದರೆಯಿತ್ತಂತೆ, ಯಾರಿಗೂ ಹೇಳಿಕೊಂಡಿರಲಿಲ್ಲ, ನನಗೂ. ಚಿತಾಗಾರದಲ್ಲಿ ಸಹೋದ್ಯೋಗಿಗಳೆಲ್ಲ ಅವರ ಬಗ್ಗೆ ಮರಾಠಿಯಲ್ಲಿ ಒಳ್ಳೆಯ ಮಾತಾಡಿದರು, ಎಲ್ಲವೂ ನಿಜವೇ. ಅವರ ಭಾಷೆಯಲ್ಲಿ ಅವರನ್ನು ನೆನೆಯಲು ನಾನೊಬ್ಬಳೇ ಇದ್ದೆ. ಈಗ ಅವರ ಮೇಜಿನ ಮುಂದೆ ಕೂತು ನಾನು ಬಿಲ್ಲೆ ಉಜ್ಜುತ್ತೇನೆ. ಪದರ ಚೆನ್ನಾಗಿಯೇ ಹತ್ತುತ್ತದೆ. ತೋರಿಸಲು ಅವರಿಲ್ಲ.

ಮೊನ್ನೆ ಬೆಳಿಗ್ಗೆ ಗೇಟಿನ ಯಂತ್ರ ನನ್ನ ಬೆರಳನ್ನೂ ಗುರುತಿಸಲಿಲ್ಲ. ಬೆರಳು ಬದಲಿಸಿದೆ, ದುಪಟ್ಟಾಗೆ ಒರೆಸಿ ಮತ್ತೆ ಒತ್ತಿದೆ. ಕಾವಲುಗಾರ ಕುರ್ಚಿಯಿಂದ ಎದ್ದು ಬಂದು ನನ್ನ ಬೆರಳ ತುದಿಯನ್ನು ನೋಡಿದ. "ಹತ್ತೂದಿಲ್ಲಪಾ" ಎಂದು ಮೇಡಂ ಧಾಟಿಯಲ್ಲೇ ಹೇಳಿ ಬಾಗಿಲು ತೆರೆದ. ಅವರು ಹೋದ ಮೇಲೆ ಆ ಗೇಟಿನೊಳಗೆ ಯಾರಾದರೂ ನನ್ನೊಂದಿಗೆ ಆಡಿದ ಮೊದಲ ಕನ್ನಡ ಮಾತು ಅದು.