ಬಸವ್ವನ ಸ್ವೆಟರ್ ಬಿಚ್ಚಿದ ಮಧ್ಯಾಹ್ನ

—ಅಥವಾ ಆ ಸ್ವೆಟರು ಬೂದಿ ಬಣ್ಣದ್ದಾಗಿರಲಿಲ್ಲವೇನೋ. ಸೈನ್ಯಕ್ಕೆಂದರೆ ಹಸಿರೇ ಇದ್ದಿರಬೇಕು. ನನ್ನ ಕಣ್ಣಿಗೆ ಈಗಲೂ ಬರುವುದು ಮಾತ್ರ ಬೂದಿ. ಬಣ್ಣ ಮರೆತಿರಬಹುದು, ಮಾಡಿದ್ದು ಮರೆತಿಲ್ಲ. ಬಸವ್ವ, ನಿಮ್ಮ ಮಗನಿಗೆಂದು ನೀವು ಹೆಣೆದ ಸ್ವೆಟರನ್ನು ಬಿಚ್ಚಿದವಳು ನಾನು. ಅದು ಗಡಿಗೆ ಹೋಯಿತು ಎಂದು ನಿಮಗೆ ಹೇಳಿದವಳೂ ನಾನೇ.

ಚೀನಾ ಯುದ್ಧದ ಚಳಿಗಾಲ. ಶಿರಸಿಯಲ್ಲಿ ನಾನು ಶಾಲೆಯ ಅಕ್ಕೋರು. ಶಾಲೆ ಬಿಟ್ಟ ಮೇಲೆ ಮಹಿಳಾ ಪರಿಹಾರ ಸಮಿತಿಯ ಕಾರ್ಯದರ್ಶಿ. ಉದ್ದನೆಯ ತರಗತಿಯಲ್ಲಿ ಚಾಪೆ ಹಾಸಿಕೊಂಡು ಹೆಂಗಸರು ಜವಾನರಿಗೆ ಹೆಣೆಯುತ್ತಿದ್ದರು. ಹಿಮ ಕಂಡವರು ಒಬ್ಬರೂ ಇರಲಿಲ್ಲ. ನೀವು ಬನವಾಸಿ ಕಡೆಯವರು, ಪೇಟೆಯ ಖಾನಾವಳಿಯಲ್ಲಿ ರೊಟ್ಟಿ ಬಡಿದು ಬರುತ್ತಿದ್ದಿರಿ. ಮಗ ಮಹಾದೇವ ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದ. ಎಲ್ಲರಿಗೂ ಕೊಟ್ಟ ಅಳತೆ ಬಿಟ್ಟು ನೀವು ಅವನ ಎದೆಯ ಅಳತೆಗೇ ಹೆಣೆದಿರಿ.

"ಎಂತ ಬಸವ್ವ, ಇದರಲ್ಲಿ ಇಬ್ಬರು ಜವಾನರು ಹಿಡಿಸ್ತಾರಲ್ಲೇ!" ಎಂದು ಯಾರೋ ನಕ್ಕರು.

"ಹಿಡೀಲಿ ಬಿಡ್ರಿ. ಥಂಡಿ ಏನು ಒಬ್ಬಂಗಷ್ಟ ಆಗತೈತೇನು?"

ಆಮೇಲೆ ನನ್ನ ಪಕ್ಕ ಬಂದು ಮೆಲ್ಲಗೆ, "ಅಕ್ಕೋರ, ಒಳಗ ಅವನ ಹೆಸರಿಂದು ಒಂದು ಚೀಟಿ ಇಡ್ರಿ" ಎಂದಿರಿ. ಯಾವ ಸ್ವೆಟರು ಯಾರಿಗೆ ಹೋಗುತ್ತದೆ ಎಂಬುದು ನಮ್ಮ ಕೈಯಲ್ಲಿರಲಿಲ್ಲ. ಆದರೂ ಬರೆದೆ, ನಿಮ್ಮೆದುರೇ ಹೊಲಿದೆ.

ಅದೇ ವಾರ ಹುಬ್ಬಳ್ಳಿಯಿಂದ ಉಣ್ಣೆ ಬರುವುದು ನಿಂತಿತು. ಹೆಣೆದದ್ದನ್ನು ಕಳಿಸೋಣವೆಂದರೆ ಪಾರ್ಸೆಲ್ ತೆಗೆದುಕೊಳ್ಳುವವರಿಲ್ಲ, ಕಾಯಿರಿ ಎಂದು ಅಲ್ಲಿಂದಲೇ ಹೇಳಿಕಳಿಸಿದರು. ಅಧ್ಯಕ್ಷೆ ಭಾಗೀರಥಮ್ಮನವರು, "ಹೆಂಗಸರು ಒಂದು ವಾರ ಮನೆಯಲ್ಲಿ ಕೂತರೆ ಮತ್ತೆ ಬರುವುದಿಲ್ಲ. ಕೈ ಖಾಲಿ ಬಿಡಬೇಡ" ಎಂದರು. ಬಿಚ್ಚು ಎಂದವರೂ ಅವರೇ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಇಲ್ಲ — ಅವರು ಅಷ್ಟೇ ಹೇಳಿದ್ದು.

ಭಾನುವಾರ ಮಧ್ಯಾಹ್ನ, ಶಾಲೆಯಲ್ಲಿ ಯಾರೂ ಇಲ್ಲ. ಕಳಿಸಲೆಂದು ಕಟ್ಟಿಟ್ಟಿದ್ದ ಸ್ವೆಟರುಗಳ ಗಂಟುಗಳನ್ನು ತೆರೆದೆ. ನಿಮ್ಮದೇ ಎಲ್ಲಕ್ಕಿಂತ ದೊಡ್ಡದು, ಹೆಚ್ಚು ನೂಲು ಸಿಗುವಂಥದ್ದು — ಅದರಿಂದಲೇ ಶುರು ಮಾಡಿದೆ. ತೋಳು ಮೊದಲು ಹೋಯಿತು. ಎಳೆದಂತೆ ನೂಲು ಕಿರ್ ಕಿರ್ ಎನ್ನುತ್ತ ಬಂತು. ಬೆಂಚಿನಿಂದ ಬೆಂಚಿಗೆ ಸುತ್ತುತ್ತ ಹೋದೆ, ಕೋಣೆಯೆಲ್ಲ ನೂಲು. ಬಿಸಿಲು ಅದರೊಳಗೆ ಸಿಕ್ಕಿಕೊಂಡಂತಿತ್ತು. ನಾನು ಏನನ್ನೋ ಕಟ್ಟುತ್ತಿದ್ದೇನೆ ಎಂದೇ ಅನಿಸುತ್ತಿತ್ತು. ಎದೆ ಕರಗಿತು, ಬೆನ್ನು ಕರಗಿತು. ಕೊನೆಗೆ ಚೀಟಿ ಉಳಿಯಿತು. ಅದನ್ನು ಹರಿದೆನೋ, ಎಲ್ಲಿಟ್ಟೆನೋ... ಇಲ್ಲಿ ನೆನಪು ಕೈಕೊಡುತ್ತದೆ.

ಅದರದ್ದೂ ಆಮೇಲೆ ಬಿಚ್ಚಿದವುಗಳದ್ದೂ ನೂಲನ್ನು ಬಿಸಿನೀರಿನಲ್ಲಿ ಅದ್ದಿ ಒಣಗಿಸಿ, ಹೊಸದೆಂದು ಎಲ್ಲರಿಗೂ ಹಂಚಿದೆ. ನಿಮಗೂ.

"ನನ್ನ ಮಗಂದು ಹೋತೇನ್ರಿ?"

"ಹೋಯಿತು, ಬಸವ್ವ."

ನೀವು ನೂಲನ್ನು ಬೆರಳಲ್ಲಿ ಎಳೆದು ನೋಡಿದಿರಿ. "ಇದು ಒಮ್ಮೆ ಹೆಣೆದದ್ದು ಐತ್ರಿ, ಅಕ್ಕೋರ. ಸುಳಿ ಬಿದ್ದೈತಿ."

"ಗಿರಣಿಯಿಂದಲೇ ಹಾಗೆ ಬಂದಿದೆ."

ನೀವು ನನ್ನನ್ನು ನೋಡಿದಿರಿ. ಆಮೇಲೆ ಹೆಣಿಗೆ ಕಡ್ಡಿಗೆ ಮೊದಲ ಕುಣಿಕೆ ಹಾಕಿದಿರಿ. ಈ ಸಲ ಎಲ್ಲರ ಅಳತೆಗೇ ಹೆಣೆದಿರಿ. ಚೀಟಿ ಕೇಳಲಿಲ್ಲ.

ಉಣ್ಣೆ ಮತ್ತೆ ಬಂತು, ಗಂಟುಗಳು ಹೋದವು. ನಮ್ಮ ಸಮಿತಿ ಒಂದು ದಿನವೂ ನಿಲ್ಲಲಿಲ್ಲ ಎಂದು ಸಭೆಯಲ್ಲಿ ಹೊಗಳಿದರು. ನಾನು ಕೈಮುಗಿದು ನಿಂತೆ. ಆ ಹೊತ್ತಿಗೆ ನೀವು ಖಾನಾವಳಿ ಬಿಟ್ಟು ಊರಿಗೆ ಹೋಗಿದ್ದಿರಿ. ಮಗನ ಕಾಗದ ಬರುವುದು ನಿಂತಿದೆ ಎಂದು ಯಾರೋ ಅಂದರು. ಬನವಾಸಿಗೆ ದಿನಾ ಬಸ್ಸಿತ್ತು. ನಾನು ಹತ್ತಲಿಲ್ಲ.

ನಿಮಗೆ ಅಂದೇ ಗೊತ್ತಾಗಿತ್ತೇ, ನನಗೆ ಗೊತ್ತಿಲ್ಲ. ಮಹಾದೇವ ತಿರುಗಿ ಬಂದನೇ — ಅದೂ ಗೊತ್ತಿಲ್ಲ.