ಸಾಬರ ಅಬೆ ಡ್ರಮ್ಮು

ಹೋದ ವಾರ ಕೊಟ್ಟಿಗೆ ಹಿಂದಿನ ಹಳೇ ಸಾಮಾನು ಎಳೆದು ಹಾಕುವಾಗ ತೂತು ತೂತಿನ ಒಂದು ತಗಡಿನ ತಟ್ಟೆ ಕೈಗೆ ಬಂತು. ಮೂಗಿನ ಹತ್ತಿರ ಹಿಡಿದೆ. ತುಕ್ಕಿನ ವಾಸನೆಯೊಳಗೆ ಬೆಂದ ಅರಿಶಿನದ ಘಾಟು ಇನ್ನೂ ಇತ್ತು! ಅಲ್ಲೇ ಕೂತುಬಿಟ್ಟೆ. ಗುಂಡ್ಲುಪೇಟೆಯ ತಗಡಿನ ಸಾಬರು ನೆನಪಾದರು...

ನಾನು ಚಾಮರಾಜನಗರ ಪೇಟೆಯಲ್ಲಿ ಬೆಳೆದವಳು. ಮದುವೆಯಾಗಿ ಗೋಪಾಲಸ್ವಾಮಿ ಬೆಟ್ಟದ ಕೆಳಗಿನ ಹಳ್ಳಿಗೆ ಬಂದಾಗ ಮೊಬೈಲು ಇನ್ನೂ ಊರಿಗೊಂದೋ ಎರಡೋ. ಅಲ್ಲಿ ಅರಿಶಿನ ಕಿತ್ತ ಮೇಲೆ ಕೊಪ್ಪರಿಗೆ ತುಂಬ ನೀರು ಹಾಕಿ ಬೇಯಿಸುತ್ತಿದ್ದರು. ಅದಕ್ಕೆ ಹೊರೆ ಹೊರೆ ಸೌದೆ ಬೇಕು. ಕಾಡಂಚಿನಿಂದ ಸೌದೆ ತರುವುದು ಹೆಂಗಸರ ಪಾಲು. ಹಿಂದಿನ ವರ್ಷ ಆನೆ ಅಟ್ಟಿಸಿಕೊಂಡು ಬಂದು, ಓಡುವಾಗ ಬಿದ್ದು ಅತ್ತೆಯ ಮಂಡಿ ಹಾಳಾಗಿತ್ತು. ಆ ಸಲ ಸರದಿ ನನ್ನದು. ನಾನೋ ಆರು ತಿಂಗಳ ಬಸುರಿ. ಕಾಡಂಚಿಗೆ ಹೋಗಲು ಭಯ ಅಂತ ಯಾರಿಗೂ ಹೇಳಿರಲಿಲ್ಲ. ಅತ್ತೆಗೆ ಅದು ಹೇಗೋ ಗೊತ್ತಾಯಿತು.

ಗುಂಡ್ಲುಪೇಟೆಯಲ್ಲಿ ಡಾಕ್ಟರಿಗೆ ತೋರಿಸಿಕೊಂಡು ಹೋಟೆಲಿಗೆ ಹೋದೆವು. ಅತ್ತೆ ಇಡ್ಲಿ ತಿನ್ನೋದು ಬಿಟ್ಟು ಇಡ್ಲಿ ಬೇಯುವ ಪಾತ್ರೆಯನ್ನೇ ನೋಡುತ್ತಿದ್ದರು. ಸಣ್ಣ ಉರಿ, ತಳದಲ್ಲಿ ಒಂದಿಷ್ಟು ನೀರು, ಮೇಲೆ ಅಷ್ಟೊಂದು ಇಡ್ಲಿ. "ಅರಿಸ್ನ ಯಾಕಮ್ಮಿ ಇಂಗೆ ಬೇಯಬಾರ್ದು?" ಅಂದವರೇ, ಕುಂಟಿಕೊಂಡು ಸೀದಾ ಸಾಬರ ಅಂಗಡಿಗೆ ಹೊರಟರು.

ಸಾಬರು ವಯಸ್ಸಾದವರು. ಹಳೇ ಎಣ್ಣೆ ಡಬ್ಬ ಕತ್ತರಿಸಿ ಲಾಳಿಕೆ, ಜರಡಿ, ಕೋಳಿಗೂಡು, ಏನು ಬೇಕಾದರೂ ಮಾಡುತ್ತಿದ್ದರು. ಮುರಿದ ಬಕೀಟಿನ ಹಿಡಿಯನ್ನೂ ಬಿಸಾಡಿದವರಲ್ಲ. ಸುತ್ತಿಗೆ ಸದ್ದಿನಲ್ಲಿ ಅವರಿಗೆ ನಮ್ಮ ಮಾತು ಕೇಳಿಸಲಿಲ್ಲ. ಅತ್ತೆ ಬಗ್ಗಿ, ಗಂಟಲು ಹರಿಯೋ ಹಾಗೆ ಕೂಗಿದರು: "ಸಾಬ್ರೇ, ಅಬೆ! ಅಬೆ!"

ಸುತ್ತಿಗೆ ನಿಂತಿತು. ಸಾಬರ ಮುಖ ಕೆಂಪಗಾಗಿತ್ತು. "ಏನಮ್ಮಾ, ನನ್ನ ವಯಸ್ಸೇನು, ನಿಮ್ಮ ಮಾತೇನು? ಹೋಗಿ, ನಿಮಗೆ ಏನೂ ಮಾಡ್ಕೊಡಲ್ಲ."

ಅತ್ತೆ ಕಕ್ಕಾಬಿಕ್ಕಿ. ಉರ್ದು ಮಾತಾಡುವ ಬೀದಿಯಲ್ಲಿ ಬೆಳೆದ ನನಗೆ ತಟ್ಟನೆ ಹೊಳೆಯಿತು. ಸಾಬರ ಮನೆಮಾತಿನಲ್ಲಿ 'ಅಬೆ' ಅಂದರೆ 'ಏಯ್, ಲೋ' ಅಂದ ಹಾಗೆ! ನಗು ತಡೆದುಕೊಂಡು, "ಸಾಬ್ರೇ, ಹಬೆ, ಹಬೆ! ನೀರಿನ ಹಬೆ. ನಮ್ಮತ್ತೆ ಬಾಯಲ್ಲಿ 'ಹ' ಬರಲ್ಲ" ಅಂದೆ.

"ನಾನೂ ಅದ್ನೇ ಏಳಿದ್ದು ಕಣಮ್ಮಿ, ಅಬೆ!" ಅಂದರು ಅತ್ತೆ, ಇನ್ನೂ ಜೋರಾಗಿ.

ಸಾಬರು ನಕ್ಕರು ನೋಡಿ... ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಅತ್ತೆ ಆನೆಯ ಕತೆ, ನನ್ನ ಹೊಟ್ಟೆಯ ಕತೆ ಎರಡೂ ಹೇಳಿದರು. ಸಾಬರು ಮಾಡುತ್ತಿದ್ದ ಕೆಲಸ ಪಕ್ಕಕ್ಕೆ ಸರಿಸಿದರು.

ಎಣ್ಣೆ ಡ್ರಮ್ಮಿನೊಳಗೆ ತೂತಿನ ತಟ್ಟೆ ಕೂರಿಸಿ, ಡಬ್ಬಗಳನ್ನು ಜೋಡಿಸಿ ಒಲೆಗೊಂದು ಹೊಗೆಕೊಳವೆ ಮಾಡಿ, ಬಸ್ಸಿನ ಮೇಲೆ ಹಾಕಿಸಿಕೊಂಡು ತಾವೇ ಬಂದರು. ಮೊದಲ ಸಲ ಭಾರಕ್ಕೆ ತಟ್ಟೆ ಕುಸಿದು ಅರ್ಧ ಅರಿಶಿನ ನೀರಿಗೆ ಬಿದ್ದು ಮುದ್ದೆಯಾಯಿತು. ಊರವರು ನಕ್ಕಿದ್ದೇ ನಕ್ಕಿದ್ದು. ಇನ್ನು ನನಗೆ ಕಾಡೇ ಗತಿ ಅಂದುಕೊಂಡೆ. ಸಾಬರು ತಟ್ಟೆಯ ಅಳತೆ ತೆಗೆದುಕೊಂಡು ಹೋದರು. ನಾಲ್ಕು ದಿನಕ್ಕೆ ಹಳೇ ಸೈಕಲ್ ರಿಮ್ಮುಗಳನ್ನು ಬಗ್ಗಿಸಿ ಮಾಡಿದ ಕಾಲುಮಣೆ ಹೊತ್ತು ಬಂದು, ತಟ್ಟೆಯ ಕೆಳಗಿಟ್ಟರು. ಅದು ಅಲ್ಲಾಡಲಿಲ್ಲ. ಉರಿಗೆ ಒಣಗಿದ ಅರಿಶಿನದ ಎಲೆಯೇ ಸಾಕಾಯಿತು. ಮುಚ್ಚಳದ ಸುತ್ತ ಬೆಳ್ಳಗೆ ಹಬೆ ಎದ್ದಿತು. ಅತ್ತೆ ಚಪ್ಪಾಳೆ ತಟ್ಟಿ "ಅಬೆ!" ಅಂದರೆ, ಸಾಬರು ತಲೆ ಎತ್ತಿ, "ಕರೆದ್ರಾ ಅಮ್ಮಾ?"

ಆ ವರ್ಷ ನಾನು ಕಾಡಂಚಿಗೆ ಹೋಗಲಿಲ್ಲ. ಆಮೇಲೂ ಹೋಗಲಿಲ್ಲ. ನಕ್ಕವರ ಮನೆಗಳಿಗೂ ಸಾಬರ ಡ್ರಮ್ಮು ಬಂತು. ಪ್ರತಿ ಸುಗ್ಗಿಗೂ ಬೆಸುಗೆ ನೋಡಲು ಸಾಬರು ಬರುತ್ತಿದ್ದರು. ಅತ್ತೆ ಬೇಕೆಂದೇ ಕೂಗುತ್ತಿದ್ದರು, ಸಾಬರು ಬೇಕೆಂದೇ "ಕರೆದ್ರಾ?" ಅನ್ನುತ್ತಿದ್ದರು.

ಈಗ ಇಬ್ಬರೂ ಇಲ್ಲ. ಸಾಬರ ಅಂಗಡಿಯಲ್ಲಿ ಯಾರೋ ಪ್ಲಾಸ್ಟಿಕ್ ಸಾಮಾನು ಮಾರುತ್ತಾರೆ. ಅದರ ಮುಂದೆ ಹೋಗುವಾಗ ಈಗಲೂ ಸುತ್ತಿಗೆ ಸದ್ದಿಗೆ ಕಿವಿ ಕೊಡುತ್ತೇನೆ.

ಆಗ ಹೊಟ್ಟೆಯಲ್ಲಿದ್ದ ಮಗಳೇ ಆ ತಟ್ಟೆಯ ಅಳತೆ ಹಿಡಿದು ಹೊಸದು ಮಾಡಿ, ಡ್ರಮ್ಮಿಗೆ ತಳ ಹಾಕಿಸಿದಳು. ಮಾತು ಮಾತ್ರ ಅಜ್ಜಿಯದೇ. ನಿನ್ನೆ ಬೆಳಿಗ್ಗೆ ಒಲೆ ಹಚ್ಚಿ, ಸ್ವಲ್ಪ ಹೊತ್ತಿಗೆ ಅಂಗಳದಿಂದ ಕೂಗಿದಳು: "ಅಮ್ಮಾ, ಅಬೆ!"

ನಾನು ಸುಮ್ಮನೆ ಬಾಗಿಲ ಕಡೆ ನೋಡಿದೆ. ಯಾರೂ ಬರಲಿಲ್ಲ... "ಕರೆದ್ರಾ ಅಮ್ಮಾ?" ಅಂತ ನಾನೇ ಅಂದೆ. ಮಗಳು ನಕ್ಕಳು. ನನಗೆ ಅಳು ಬಂತು.