ನಮ್ಮಂಗ್ಡಿ ಅಂದವರು

ನನಗೆ ಅನುಮಾನ ಜಾಸ್ತಿ ಅಂತ ನಮ್ಮ ಯಜಮಾನರು ಹೇಳುತ್ತಾರೆ. ಅವರು ಕಂಪನಿ ಕ್ಯಾಬ್ ಓಡಿಸುವವರು. ದಿನವಿಡೀ ಹಿಂದಿನ ಸೀಟಿನವರ ಮಾತು ಕೇಳಿ ಕೇಳಿ ತಮ್ಮ ಮಾತು ಕಡಿಮೆ ಮಾಡಿಕೊಂಡಿದ್ದಾರೆ. ಅಂಥವರೇ ಬಾಯಿ ಬಿಟ್ಟು ಹೇಳಿದ್ದಾರೆ ಅಂದರೆ ನಿಜವೇ ಇರಬೇಕು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ನನ್ನದು ಹುಟ್ಟುಗುಣವಲ್ಲ, ಮಾರತ್ತಹಳ್ಳಿಯಲ್ಲಿ ಕಲಿತದ್ದು.

ಅಲ್ಲಿ ಒಂದು ಪಿಜಿ ಮುಂದೆ ಎರಡು ವರ್ಷ ತಿಂಡಿ ಅಂಗಡಿ ಇಟ್ಟಿದ್ದೆ. ಕೌಂಟರು, ಫ್ರಿಜ್ಜು, ತಲೆ ಮೇಲಿನ ಶೀಟು ಎಲ್ಲ ಕಟ್ಟಡದ ಮಾಲೀಕರೇ ಕೊಟ್ಟಿದ್ದರು. "ನಿಮ್ದೇ ಅಂದ್ಕೊಳ್ಳಿ ಅಕ್ಕ" ಅಂದಿದ್ದರು. ನಾನೂ ಅಂದುಕೊಂಡೆ. ಪಿಜಿಯವರೆಲ್ಲ ನನ್ನ ಕೈರುಚಿಗೆ ಒಗ್ಗಿದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಹೋಗಿ ನೋಡಿದರೆ ಅದೇ ಕೌಂಟರಿನ ಹಿಂದೆ ಮಾಲೀಕರ ಭಾಮೈದ ನಿಂತು ಚಟ್ನಿ ಬಡಿಸುತ್ತಿದ್ದ. ಇದೇನು ಅಂತ ಮಾಲೀಕರನ್ನು ಕೇಳಿದ್ದಕ್ಕೆ "ಸಾಮಾನೆಲ್ಲ ನಮ್ದೇ ಅಲ್ವಾ ಅಕ್ಕ" ಅಂದರು. ಸಾಮಾನು ಅವರದೇ, ಸುಳ್ಳಲ್ಲ. ನನ್ನದು ಅಂತ ನಾನು ಹೊತ್ತು ತಂದದ್ದು ಎರಡು ಸೌಟು, ಒಂದು ಇಡ್ಲಿ ಪಾತ್ರೆ. ಆವತ್ತು ಬಸ್ಸಿನಲ್ಲಿ ಅತ್ತೆ.

ಹಾಗಾಗಿ ದೊಡ್ಡನೆಕ್ಕುಂದಿಯಲ್ಲಿ ಫ್ಯಾಕ್ಟರಿಗಳ ರಸ್ತೆಯ ಪಕ್ಕ ಹತ್ತಡಿ ಅಗಲದ ಮಳಿಗೆ ಹಿಡಿದು ಕಾಫಿ ಅಂಗಡಿ ತೆರೆದಾಗ, ಇನ್ನೊಬ್ಬರ ಒಂದು ಮೊಳೆಯೂ ಒಳಗೆ ಬರಕೂಡದು ಅಂತ ಶಪಥ ಮಾಡಿದ್ದೆ. ಒಲೆ, ದೊಡ್ಡ ಫಿಲ್ಟರು, ಹಾಲಿನ ಪಾತ್ರೆ, ಎರಡು ಡಜನ್ ಗಾಜಿನ ಲೋಟ, ಇಟ್ಟಿಗೆಯ ಮೇಲೆ ಒಂದು ಕಡಪ ಕಲ್ಲು. ಕುರ್ಚಿ, ಬೆಂಚು ಏನೂ ಇಲ್ಲ. ಬಂದರು, ನಿಂತರು, ಕುಡಿದರು, ಹೋದರು. ಕೂತವರು ಬೈ-ಟು ಕಾಫಿ ಹೇಳಿ ಒಂದು ಗಂಟೆ ದೇಶದ ಸಮಸ್ಯೆ ಬಗೆಹರಿಸುತ್ತಾರೆ, ನನಗೆ ಅದು ಬೇಡ. ಮಳಿಗೆಯ ಕರಾರು ಪತ್ರ ಮಾಡಿಸಲು ಯಜಮಾನರೇ ಓಡಾಡಿದ್ದರಿಂದ ಅದು ಅವರ ಹೆಸರಿನಲ್ಲಾಯಿತು. ಗಿರಾಕಿಗಳು ಫೋನಿನಲ್ಲಿ ದುಡ್ಡು ಕೊಡುವ ಗೋಡೆಯ ಸ್ಕ್ಯಾನರೂ ಅವರದೇ ಹೆಸರಿನದು. ನನ್ನನ್ನು ರಸ್ತೆಯವರೆಲ್ಲ ಕಾಫಿ ಅಕ್ಕ ಅನ್ನುತ್ತಿದ್ದರು.

ಎರಡನೇ ವಾರ ಬೆಂಚು ಬಂತು. ತಂದವರು ಮೇಲಿನ ಮನೆಯ ಅಜ್ಜಿ. ಆ ಕಟ್ಟಡ ಅಜ್ಜಿಯ ಮನೆತನದ್ದು. ಅಲ್ಲೆಲ್ಲ ಹಿಂದೆ ಅವರ ರಾಗಿ ಹೊಲವಿತ್ತಂತೆ, ಈಗ ಮೂರು ಬಾಡಿಗೆ ಕಟ್ಟಡಗಳಿವೆ. ಬಾಡಿಗೆ ವ್ಯವಹಾರ ನೋಡಿಕೊಳ್ಳುವವನು ಮಗ. ಅಜ್ಜಿ ಮಗ-ಸೊಸೆಯ ಜೊತೆ ಮೊದಲ ಮಹಡಿಯಲ್ಲಿದ್ದರು. ಎರಡನೇ ಮಹಡಿಯಲ್ಲಿ ಮುಚ್ಚಿಹೋಗಿದ್ದ ಟ್ಯೂಷನ್ ಸೆಂಟರಿನ ಬೆಂಚನ್ನು ಇಬ್ಬರ ಕೈಲಿ ಇಳಿಸಿ ನನ್ನ ಬಾಗಿಲಲ್ಲಿ ಇಡಿಸಿದರು.

"ಬ್ಯಾಡ ಅಜ್ಜಿ, ಜಾಗ ಇಲ್ಲ" ಅಂದೆ.

"ಇರ್ಲಿ ಇಟ್ಟಿರು. ಮ್ಯಾಲೆ ಗೆದ್ಲು ಇಡಿಯೋ ಬದ್ಲು ಕೆಳುಗ್ ಇದ್ರೆ ನಾಕ್ ಜನ ಕೂತ್ಕತಾರೆ."

ಇಟ್ಟಿರು! ಇಟ್ಟುಕೋ ಅನ್ನಲಿಲ್ಲ, ಇಟ್ಟಿರು ಅಂದರು. ಅಂದರೆ ಮುಂದೆ ಯಾವತ್ತೋ ತೆಗೆದುಕೊಳ್ಳುವ ಯೋಚನೆ ಇದೆ ಅಂತ ನನ್ನ ಲೆಕ್ಕ. ಫೋನು ತೆಗೆದು ಬೆಂಚಿನ ಪಕ್ಕ ಅಜ್ಜಿಯನ್ನು ನಿಲ್ಲಿಸಿ ಫೋಟೋ ಹಿಡಿದೆ. ನಾಳೆ ಸ್ಟೇಷನ್ನಿಗೆ ಹೋಗಬೇಕಾಗಿ ಬಂದರೆ ಸಾಕ್ಷಿ ಇರಲಿ ಅಂತ. ಅಜ್ಜಿ ಸೆರಗು ಸರಿಮಾಡಿಕೊಂಡು ನಕ್ಕರು.

ಅದಾದ ಮೇಲೆ ಎದುರಿನ ವೆಲ್ಡಿಂಗ್ ಶಾಪಿನವನು ಗ್ರಿಲ್ ಕೆಲಸದಲ್ಲಿ ಉಳಿದ ಪೈಪು ತಗಡು ಸೇರಿಸಿ ಲೋಟ ಜೋಡಿಸಲು ಒಂದು ಸ್ಟ್ಯಾಂಡು ಮಾಡಿಕೊಂಡು ಬಂದ. ಗೋಡೆಗೆ ಇಟ್ಟರೆ ಹೇಳಿ ಮಾಡಿಸಿದ ಹಾಗೆ ಕೂತಿತು. ನನ್ನ ಗೋಡೆಯ ಅಳತೆ ಇವನಿಗೆ ಯಾರು ಕೊಟ್ಟರು? ಕೇಳಿದೆ.

"ದಿನಾ ಮೂರು ಸಲ ಇಲ್ಲೇ ನಿಂತ್ಕೊಂಡ್ ಕಾಫಿ ಕುಡೀತೀನಲ್ಲ ಅಕ್ಕ, ಗೋಡೆ ನೋಡ್ದೆ ಇನ್ನೇನ್ ನೋಡ್ಲಿ?" ಅಂದ. ಅವನ ಫೋಟೋ ಹಿಡಿಯಲೂ ಫೋನು ತೆಗೆದೆ. ಕೂದಲು ಒದ್ದೆ ಮಾಡಿಕೊಂಡು ಬರ್ತೀನಿ ತಾಳಿ ಅಂತ ಓಡಿದ.

ಮೂರನೆಯವಳು ದಿನಾ ಕಾಫಿಗೆ ಬರುತ್ತಿದ್ದ, ರಿಂಗ್ ರಸ್ತೆಯ ಒಂದು ಸಾಫ್ಟ್‌ವೇರ್ ಆಫೀಸಿನ ಅಡ್ಮಿನ್ ಮೇಡಂ. ಅವರ ಆಫೀಸಿನಲ್ಲಿ ಒಂದು ಮಹಡಿ ಖಾಲಿ ಮಾಡುತ್ತಿದ್ದರಂತೆ. ಆಟೋದಲ್ಲಿ ಮೂರು ಸ್ಟೂಲು, ಒಂದು ದುಂಡು ಮೇಜು ಹೇರಿಕೊಂಡು ಬಂದಳು. ದಾನಕ್ಕೆ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಅನ್ನುತ್ತಾರೆ. ನಾನು ಸ್ಟೂಲು ಬೋರಲು ಹಾಕಿ ತಳವನ್ನೇ ನೋಡಿದೆ. ಕಂಪನಿಯ ನಂಬರಿನ ಸ್ಟಿಕರು ಹಾಗೇ ಇತ್ತು. ಕದ್ದ ಮಾಲು ನನ್ನ ಅಂಗಡಿಗೆ ಸೇರಿಸುತ್ತಿದ್ದಾಳೆ ಅಂದುಕೊಂಡೆ.

"ಮೇಡಂ, ಒಂದು ಚೀಟಿ ಬರ್ಕೊಡಿ. ಆಫೀಸಿನೋರು ಕೊಟ್ಟಿದ್ದು ಅಂತ."

ಅವಳು ನಗುತ್ತಲೇ ಬರೆದುಕೊಟ್ಟಳು, ಸೀಲು ಸಮೇತ ಇನ್ನೊಂದು ಕಾಗದವನ್ನೂ ಮಾರನೇ ದಿನ ತಂದಳು. ಕೇಳಿದ್ದಕ್ಕಿಂತ ಜಾಸ್ತಿ ಕೊಟ್ಟರೆ ನನಗೆ ಅನುಮಾನ ಇನ್ನೂ ಜಾಸ್ತಿಯಾಗುತ್ತದೆ. ಇವಳಿಗೂ ಅಜ್ಜಿಗೂ ಏನು ನಂಟು? ಸಂಜೆ ಹೊತ್ತು ಇಬ್ಬರೂ ಬೆಂಚಿನ ಮೇಲೆ ತಲೆಗೆ ತಲೆ ಕೊಟ್ಟು ಮಾತಾಡುವುದೇನು? ನಾನು ಹತ್ತಿರ ಹೋದರೆ ಮಾತು ನಿಲ್ಲುವುದೇಕೆ?

ಅಜ್ಜಿಯಂತೂ ಬೆಳಿಗ್ಗೆ ಆರೂವರೆಗೆ ಬಂದು ಕೂತರೆ ನನ್ನ ಕೈಯನ್ನೇ ನೋಡುತ್ತಿದ್ದರು. "ಪುಡಿಗೆ ಚಿಕೋರಿ ಎಷ್ಟ್ ಆಕ್ತೀಯ?" "ಹಾಲು ಯಾವ್ ಒತ್ಗೆ ಬತ್ತದೆ?" ಒಂದು ದಿನ ಸೊಸೆ ಬಂದು ಫಿಲ್ಟರಿನ ಮುಚ್ಚಳ ತೆಗೆದು ಬಗ್ಗಿ ನೋಡಿದಳು. ಇನ್ನೊಂದು ದಿನ ಅಜ್ಜಿಯ ಮಗ ಇಸ್ತ್ರಿ ಅಂಗಿಯ ಇಬ್ಬರನ್ನು ಕರೆತಂದು ಮಳಿಗೆಯ ಮುಂಭಾಗಕ್ಕೆ ಟೇಪು ಹಿಡಿಸಿದ. "ಸುಮ್ನೆ" ಅಂದ. ಸುಮ್ಮನೆ ಯಾರೂ ಟೇಪು ಹಿಡಿಯುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಆ ಮಾತು. ರಸ್ತೆಯಲ್ಲಿ ಯಾರು ಹೋದರೂ ಅಜ್ಜಿ ಕೂಗುತ್ತಿದ್ದರು, "ಬನ್ನಿ, ನಮ್ಮಂಗ್ಡೀಲಿ ಒಂದ್ ಕಾಪಿ ಕುಡ್ದೋಗಿ!"

ಈ 'ನಮ್ಮ' ಅನ್ನುವ ಮಾತಿಗೆ ಕನ್ನಡದಲ್ಲಿ ತಳವಿಲ್ಲ. ಒಂಟಿ ಮನುಷ್ಯನೂ ನನ್ನ ಮನೆ ಅನ್ನುವುದಿಲ್ಲ, ನಮ್ಮನೆ ಅನ್ನುತ್ತಾನೆ. ನಾನೇ ನಮ್ಮ ಯಜಮಾನರು ಅನ್ನುತ್ತೇನೆ, ಹಾಗಂತ ಅವರಲ್ಲಿ ಬೇರೆಯವರಿಗೆ ಪಾಲಿಲ್ಲ. ಆದರೆ ಕಟ್ಟಡದ ಒಡತಿ ನಮ್ಮಂಗ್ಡಿ ಅಂದರೆ ಹೇಗೆ ತಿಳಿದುಕೊಳ್ಳುವುದು? ಮಾರತ್ತಹಳ್ಳಿ ಕಂಡವಳು ಒಂದೇ ರೀತಿ ತಿಳಿದುಕೊಳ್ಳುತ್ತಾಳೆ. ಅಂಗಡಿಗೆ ಬೇಕಾದ್ದನ್ನೆಲ್ಲ ತುಂಬಿ, ಗಿರಾಕಿ ಕೂಡಿದ ಮೇಲೆ ಸೊಸೆಯನ್ನು ಕೂರಿಸುತ್ತಾರೆ. ಯಜಮಾನರಿಗೆ ಹೇಳಿದೆ. "ಇರಬಹುದು, ಇಲ್ಲದೇನೂ ಇರಬಹುದು" ಅಂದು ಅನ್ನ ಕಲಸಿಕೊಂಡರು.

ಆಯುಧ ಪೂಜೆಗೆ ಎರಡು ದಿನ ಇತ್ತು. ಬೆಳಿಗ್ಗೆ ಡಿಕಾಕ್ಷನ್ ಇಳಿಸುತ್ತಿದ್ದೆ. ಅಜ್ಜಿ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು. "ಊಂ ಕಣಪ್ಪ, ನಮ್ಮಂಗ್ಡಿ ಅಂತ್ಲೇ ಬರ್ದಿದ್ದೀಯ ತಾನೆ? ಅಬ್ಬದ ಒಳ್ಗೆ ಬೋರ್ಡ್ ತಗುಲ್ ಆಕ್ಬುಡಾನ. ಅವ್ಳಿಗೆ ಮಾತ್ರ ಏಳ್ಬ್ಯಾಡ."

ನಾಲ್ಕು ತಿಂಗಳ ಅನುಮಾನ ನನ್ನ ಕಿವಿಯ ಮುಂದೆಯೇ ಬಾಯಿಬಿಟ್ಟಿತ್ತು. ಒಲೆ ಆರಿಸಿದೆ. ಅಜ್ಜಿ ಎದ್ದು ಮೇಲೆ ಹೋದ ತಕ್ಷಣ ಬೆಂಚನ್ನು ದರದರ ಎಳೆದು ರಸ್ತೆಗೆ ಹಾಕಿದೆ. ಸ್ಟೂಲುಗಳನ್ನು ಒಂದೊಂದಾಗಿ ಕುಕ್ಕಿದೆ. ದುಂಡು ಮೇಜು ಉರುಳಿಸಿಕೊಂಡು ಹೋಗಿ ಬಿಟ್ಟೆ. ಲೋಟಗಳನ್ನು ಕಡಪ ಕಲ್ಲಿನ ಮೇಲೆ ಇಳಿಸಿ ಸ್ಟ್ಯಾಂಡನ್ನೂ ಹೊತ್ತು ಹೊರಗಿಟ್ಟೆ. ನಿಮ್ಮದು ನಿಮಗೆ, ನನ್ನದು ನನಗೆ, ಎಲ್ಲರೂ ನೋಡಲಿ ಅಂತ.

ಎಲ್ಲರೂ ನೋಡಿದರು. ಆದರೆ ಆ ವಾರ ನಮ್ಮ ಕಡೆ ಏನು ನಡೆಯುತ್ತದೆ ಅನ್ನುವುದು ನನಗೆ ಮರೆತೇ ಹೋಗಿತ್ತು. ಒಂದೊಂದು ಶೆಡ್ಡಿನ ಮುಂದೆಯೂ ಲೇತು, ಡ್ರಿಲ್ಲಿಂಗ್ ಮಿಷನ್ನು, ಟೂಲ್ ಬಾಕ್ಸು, ಎಲ್ಲವನ್ನೂ ಆಚೆಗೆ ಎಳೆದು ಪೂಜೆಗೆ ಅಂತ ತೊಳೆಯುತ್ತಿದ್ದರು.

"ಅಕ್ಕ, ತೊಳೆಯೋಕ್ ತೆಗೆದ್ರಾ? ಒಂದ್ ಮಾತ್ ಹೇಳ್ಬಾರ್ದಾ!" ವೆಲ್ಡಿಂಗಿನವನು ಪೈಪು ಹಿಡಿದುಕೊಂಡೇ ಬಂದು ಬೆಂಚಿನ ಮೇಲೆ ನೀರು ಬಿಟ್ಟ. ಆಫೀಸಿಗೆ ಹೊರಟಿದ್ದ ಅಡ್ಮಿನ್ ಮೇಡಂ ಚೂಡಿದಾರದ ಕೈ ಮಡಚಿ ಸ್ಟೂಲು ಉಜ್ಜಲು ಕೂತಳು. ಅಜ್ಜಿ ಮೇಲಿಂದ ಸೋಪಿನ ಪುಡಿ, ತೆಂಗಿನ ನಾರು ಕಳಿಸಿದರು. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತೇ ಇದ್ದೆ. ಜಗಳಕ್ಕೆ ನಿಂತವಳಿಗೆ ಎದುರಾಳಿ ಬಂದು ಬೆನ್ನು ಉಜ್ಜಿಕೊಟ್ಟರೆ ಏನು ಮಾಡಬೇಕು? ಬೈಯಲು ಬಾಯಿ ತೆರೆದರೆ "ಆ ಮೂಲೆ ಬಿಟ್ಟೋಯ್ತಾ ಅಕ್ಕ?" ಅನ್ನುತ್ತಾನೆ ವೆಲ್ಡಿಂಗಿನವನು.

ಅಷ್ಟರಲ್ಲಿ ಪೇಂಟರ್ ಲಗೇಜ್ ಆಟೋದಲ್ಲಿ ಬೋರ್ಡು ತಂದ. ಹಳದಿ ತಗಡಿನ ಮೇಲೆ ಕೆಂಪು ಅಕ್ಷರದಲ್ಲಿ 'ನಮ್ಮಂಗ್ಡಿ', ಪಕ್ಕದಲ್ಲಿ ಹಬೆಯಾಡುವ ಲೋಟ. ಕೆಳಗೆ ಬಲ ಮೂಲೆಯಲ್ಲಿ ಎಲ್ಲ ಅಂಗಡಿಗಳ ಬೋರ್ಡಿನಲ್ಲೂ ಇರುವ ಹಾಗೆ, ಮಾಲೀಕರ ಹೆಸರಿಗೆ ಮುಂಚಿನ 'ಪ್ರೊ:'. ಅದರ ಮುಂದೆ ಖಾಲಿ. ಸೊಸೆಯ ಹೆಸರಿಗೆ ಬಿಟ್ಟ ಜಾಗ ಅಂದುಕೊಂಡೆ. ಇನ್ನು ತಡೆಯಲಾಗಲಿಲ್ಲ.

"ಬರ್ಸಿ ಅಜ್ಜಿ, ನಿಮ್ಮ ಸೊಸೆ ಹೆಸರು ಬರ್ಸಿ. ಇಷ್ಟೆಲ್ಲ ನಾಟಕ ಯಾಕೆ?"

ಪೈಪಿನ ನೀರು ನಿಂತಿತು. ಅಜ್ಜಿ ಮೆಟ್ಟಿಲಿಳಿದು ಬಂದು ನನ್ನನ್ನು ನೋಡಿದರು. ಸಿಟ್ಟಾಗಲಿಲ್ಲ.

"ಅವ್ಳಿಗ್ಯಾಕಮ್ಮ ಅಂಗ್ಡಿ? ಮನೇಲಿ ಆಲು ಉಕ್ಕುದ್ರೂ ಫೋನ್ ಬಿಟ್ಟು ಏಳಲ್ಲ ಅವ್ಳು. ನನ್ ಮಗ ಈ ಮಳಿಗೇನ ಮೊಬೈಲ್ ಶೋರೂಮ್‌ನೋರ್ಗೆ ಕೊಡ್ತೀನಿ ಅಂತ ಕುಣೀತಾವ್ನೆ, ನೀನು ಬಂದ್ ಎಲ್ಡನೇ ವಾರದಿಂದ. ನಿಂತ್ಕಂಡ್ ಕುಡ್ಯೋ ಅಂಗ್ಡೀನ ಒಂದ್ ದಿನ್ದಲ್ಲಿ ಎತ್ತುಸ್ಬೌದು. ಕೂತಿರೋ ಜನುವ ಎಬ್ಬುಸ್ಲಿ ನೋಡಾನ ಅಂತ ನಾವೇ ಎಲ್ಲಾ ಸೇರ್ಕಂಡು ಕೂತ್ಕಂಡ್ವಿ. ನಿಂಗ್ ಏಳುದ್ರೆ ಎದ್ರಿಕೊಂಡು ಗಂಟು ಮೂಟೆ ಕಟ್ಬುಡ್ತೀಯ ಅಂತ ಏಳ್ಲಿಲ್ಲ."

ಅಂದರೆ ಸಂಚು ಇತ್ತು. ನನ್ನ ಮೂಗು ತಪ್ಪಿರಲಿಲ್ಲ. ಅದು ನನ್ನ ಪರವಾಗಿರಬಹುದು ಅಂತ ಮಾತ್ರ ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾಲ್ಕು ತಿಂಗಳು ಅವರು ನನ್ನ ಅಂಗಡಿ ಕಾಯುತ್ತಾ ಕೂತಿದ್ದರು, ನಾನು ಅವರನ್ನು ಕಾಯುತ್ತಾ ನಿಂತಿದ್ದೆ.

"ಮತ್ತೆ ಹೆಸರು ಖಾಲಿ ಯಾಕೆ?" ನನ್ನ ದನಿ ನನಗೇ ಕೇಳಿಸಲಿಲ್ಲ.

ವೆಲ್ಡಿಂಗಿನವನು ತಲೆ ಕೆರೆದುಕೊಂಡ. "ಸ್ಕ್ಯಾನ್ ಮಾಡ್ದಾಗ ಅಣ್ಣನ್ ಹೆಸ್ರು ಬರುತ್ತಲ್ಲ, ಅದನ್ನೇ ಬರ್ಸಾಣ ಅಂದೆ ಅಕ್ಕ. ಅಜ್ಜಿ ಬೈದ್ಬಿಟ್ರು."

"ಇನ್ನೇನ್ ಮತ್ತೆ? ಕತ್ಲಲ್ಲಿ ಎದ್ದು ಬಂದು ಡಿಕಾಕ್ಸನ್ ಆಕೋಳು ಇವ್ಳು, ಬೋರ್ಡ್‌ನಾಗೆ ಅವ್ನಾ? ಎಲ್ಡ್ ಸತಿ ಕೇಳ್ದೆ ಕಣಮ್ಮ ನಿನ್ನೆಸ್ರ. ಒಂದ್ ಸತಿ ಯಾಕೆ ಅಂದೆ. ಇನ್ನೊಂದ್ ಸತಿ ಆಲು ಉಕ್ತಾ ಅದೆ ಅಂತ ಒಳಿಕ್ಕೋದೆ."

ನನ್ನ ಅಂಗಡಿ ಕಿತ್ತುಕೊಳ್ಳುತ್ತಾರೆ ಅಂತ ಹಗಲೂ ಇರುಳೂ ಕಾದವಳು ನಾನು. ಅದು ನನ್ನದು ಅಂತ ಎಲ್ಲೂ ಒಂದು ಕಡೆಯೂ ಬರೆದಿರಲಿಲ್ಲ. ಬರೆಯಬೇಕು ಅಂತ ನನಗೇ ತೋಚಿರಲಿಲ್ಲ, ಇವರಿಗೆ ತೋಚಿತ್ತು. ಇವತ್ತಿಗೂ ಆ ಋಣ ಹೇಗೆ ತೀರಿಸುವುದೋ ತಿಳಿಯದು.

ಪೇಂಟರ್ ಸಣ್ಣ ಕುಂಚವನ್ನು ಕೆಂಪು ಬಣ್ಣದಲ್ಲಿ ಅದ್ದಿ ಬೋರ್ಡಿನ ಮುಂದೆ ಕುಕ್ಕರುಗಾಲಲ್ಲಿ ಕೂತ. "ಹೇಳಿ ಅಮ್ಮ, ಬೇಗ. ಇನ್ನೂ ಆರು ಬೋರ್ಡ್ ಅದೆ."

ಹೇಳಿದೆ. ಅಳುವಿನಲ್ಲಿ ಅರ್ಧ ನುಂಗಿಹೋಯಿತು, ಅವನಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿ ಅಂದ. ರಸ್ತೆಯವರೆಲ್ಲ ಕೇಳುವ ಹಾಗೆ ಜೋರಾಗಿ ಹೇಳಿದೆ.